ಹಳೆಯ ಡೀಸೆಲ್ ಗಾಡಿಯ ಇಜಿಆರ್: ತಗಡು ಹಾಕಿ ಬಂದ್ ಮಾಡುವ ಮುನ್ನ

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಾಗಲಿ, ಗದಗ-ಬೆಟಗೇರಿಯ ಮಿಸ್ತ್ರಿಯಾಗಲಿ, ಹತ್ತು-ಹನ್ನೆರಡು ವರ್ಷ ಓಡಿದ ಡೀಸೆಲ್ ಗಾಡಿ ತಂದು ನಿಲ್ಲಿಸಿ ‘ಪಿಕಪ್ ಇಲ್ರೀ, ಕರಿ ಹೊಗಿ ಬರಾಕತ್ತೈತಿ’ ಅಂದರೆ ಬಹಳ ಸಲ ಬರುವ ಉತ್ತರ ಒಂದೇ: ‘ಇಜಿಆರ್ ಬಂದ್ ಮಾಡಿಬಿಡೂಣ್ರೀ ಅಣ್ಣಾರ, ಆಮ್ಯಾಲ ಗಾಡಿ ಹೆಂಗ ಓಡತೈತಿ ನೋಡ್ರಿ.’ ಇಜಿಆರ್ ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್. ಅದನ್ನು ಮುಚ್ಚುವುದು ತಾಸೊಪ್ಪತ್ತಿನ ಕೆಲಸ. ವಾಲ್ವಿನ ಗ್ಯಾಸ್ಕೆಟ್ ಅಳತೆಗೆ ಕತ್ತರಿಸಿದ ಒಂದು ತಗಡು, ಎರಡು ಬೋಲ್ಟು. ಗಾಡಿ ನಿಜಕ್ಕೂ ಚುರುಕಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ, ಎಮಿಷನ್ ಟೆಸ್ಟಿನಲ್ಲೂ ಪಾಸಾಗುತ್ತದೆ. ಹಾಗಾದರೆ ಕಂಪನಿಯವರು ಅದನ್ನು ಹಾಕಿದ್ದಾದರೂ ಯಾಕೆ ಎಂದು ಯಾರಿಗಾದರೂ ಅನಿಸುವುದು ಸಹಜ.

ಮಿಸ್ತ್ರಿ ಹೇಳುವ ಅನುಭವ ಸುಳ್ಳಲ್ಲ. ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು. ಕೆಟ್ಟು ಅರ್ಧ ತೆರೆದು ಕೂತಿದ್ದ ವಾಲ್ವಿಗೂ ಪೂರ್ತಿ ಮುಚ್ಚಿದ ದಾರಿಗೂ ಹೋಲಿಸಿದರೆ ಮುಚ್ಚಿದ್ದೇ ಮೇಲು. ಆದರೆ ಹೋಲಿಸಬೇಕಾದದ್ದು ಸ್ವಚ್ಛವಾಗಿ ಕೆಲಸ ಮಾಡುವ ವಾಲ್ವಿನ ಜೊತೆ. ಆ ಲೆಕ್ಕ ಹಾಕಿದರೆ ತಗಡಿನಿಂದ ಗಾಡಿಯವನಿಗೆ ಸಿಗುವ ಲಾಭ ಬಹುತೇಕ ಏನೂ ಉಳಿಯುವುದಿಲ್ಲ, ನಷ್ಟಗಳು ಮಾತ್ರ ಉಳಿಯುತ್ತವೆ. ಆ ನಷ್ಟಗಳಲ್ಲಿ ಒಂದು ನಮ್ಮ ಎಮಿಷನ್ ಕೇಂದ್ರಗಳ ಯಂತ್ರಕ್ಕೆ ಕಾಣುವಂಥದ್ದೇ ಅಲ್ಲ.

ವಾಲ್ವಿನ ಕೆಲಸ ಏನು

ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಮತ್ತೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಬಿಡುವುದೇ ಇಜಿಆರ್. ಎಂಜಿನ್ ಮೇಲಿನ ಭಾರ ಕಡಿಮೆ ಇದ್ದಾಗ ಡೀಸೆಲ್ ಎಂಜಿನ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಸಿಲಿಂಡರಿನೊಳಗೆ ಉರಿಯ ತಾಪ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆ ಹೆಚ್ಚುವರಿ ಆಮ್ಲಜನಕ ಗಾಳಿಯಲ್ಲಿರುವ ಸಾರಜನಕದ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ವಾಹನದವರ ಭಾಷೆಯಲ್ಲಿ ಅವಕ್ಕೆ ನಾಕ್ಸ್ ಎನ್ನುತ್ತಾರೆ. ಮರಳಿ ಬಂದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಇರುತ್ತವೆ. ಅವು ಉರಿಯುವುದಿಲ್ಲ, ಆದರೆ ಶಾಖ ಹೀರುತ್ತವೆ, ಆಮ್ಲಜನಕದ ಪಾಲನ್ನೂ ತಗ್ಗಿಸುತ್ತವೆ. ಹೀಗೆ ಉರಿಯ ಕಾವು ಇಳಿದು ನಾಕ್ಸ್ ಅರ್ಧದಷ್ಟು ತಗ್ಗಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆಮ್ಲಜನಕ ಕಡಿಮೆಯಾದಷ್ಟೂ ಮಸಿ ಹೆಚ್ಚು. ನಾಕ್ಸ್ ಇಳಿಸಲು ಹೋದರೆ ಮಸಿ ಏರುತ್ತದೆ, ಮಸಿ ಇಳಿಸಲು ಹೋದರೆ ನಾಕ್ಸ್ ಏರುತ್ತದೆ. ಡೀಸೆಲ್ ಎಂಜಿನ್ ಮಾಡುವವರ ಹಳೆಯ ತಲೆನೋವು ಇದು. ಹಾಗಾಗಿಯೇ ವಾಲ್ವ್ ಎಲ್ಲ ಹೊತ್ತೂ ತೆರೆದಿರುವುದಿಲ್ಲ. ಐಡ್ಲಿಂಗ್‌ನಲ್ಲಿ, ಚೆನ್ನಮ್ಮ ಸರ್ಕಲ್ ಸುತ್ತ ತೆವಳುವಾಗ, ಹಾವೇರಿ ಕಡೆಯ ಹೆದ್ದಾರಿಯಲ್ಲಿ 60-70ರ ವೇಗದಲ್ಲಿ ಒಂದೇ ಸಮ ಹೋಗುವಾಗ ತೆರೆದಿರುತ್ತದೆ. ಆಕ್ಸಲರೇಟರ್ ಪೂರ್ತಿ ತುಳಿದ ಕೂಡಲೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅದನ್ನು ಮುಚ್ಚಿಬಿಡುತ್ತದೆ. ಭಾರ ಹೇರಿಕೊಂಡು ಅರಬೈಲ್ ಘಟ್ಟ ಹತ್ತುವ ಗಾಡಿಯಲ್ಲಿ ವಾಲ್ವ್ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ.

ಈ ಕೊನೆಯ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡಬೇಕಾದ ಹೊತ್ತಿನಲ್ಲಿ ಸರಿಯಾಗಿರುವ ಇಜಿಆರ್ ಮುಚ್ಚಿಯೇ ಇರುತ್ತದೆ. ಆದ್ದರಿಂದ ಅದನ್ನು ತೆಗೆದರೆ ‘ಪವರ್ ಬರತೈತಿ’ ಎಂಬುದಕ್ಕೆ ಆಧಾರವಿಲ್ಲ. ಪವರ್ ಬಂತು ಅನ್ನಿಸಿದರೆ ಅದಕ್ಕೂ ಮೊದಲು ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು ಅಂತ ಅರ್ಥ. ಮೈಲೇಜ್ ಮಾತೂ ಹಾಗೆಯೇ. ಮಸಿ ಕಟ್ಟಿಕೊಂಡ ಗಾಡಿಯನ್ನು ಕಟ್ಟಿಕೊಳ್ಳದ ಗಾಡಿಯ ಜೊತೆ ಅಳೆದು ‘ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚಾತು’ ಎಂದರೆ ಆ ಎರಡು ಕಿಲೋಮೀಟರ್ ತಗಡು ಕೊಟ್ಟದ್ದಲ್ಲ.

‘ಮೊದಲಿನ ಗಾಡಿಗಳಿಗೆ ಇಜಿಆರ್ ಎಲ್ಲಿತ್ರೀ, ಅವು ಓಡಲಿಲ್ಲೇನು’ ಎಂಬ ವಾದವೂ ಕೇಳಿಬರುತ್ತದೆ. ನಿಜ, ಮೆಕ್ಯಾನಿಕಲ್ ಪಂಪಿನ ಎಷ್ಟೋ ಹಳೆಯ ಎಂಜಿನ್‌ಗಳಲ್ಲಿ ಅದು ಇರಲಿಲ್ಲ. ಆದರೆ ಆ ಎಂಜಿನ್‌ಗಳ ಇಂಜೆಕ್ಷನ್ ಟೈಮಿಂಗ್ (ಡೀಸೆಲ್ ಚಿಮ್ಮಿಸುವ ಹೊತ್ತು) ಕೂರಿಸಿದ್ದೇ ಇಜಿಆರ್ ಇಲ್ಲವೆಂಬ ಲೆಕ್ಕದಲ್ಲಿ. ಇಜಿಆರ್ ಇರುವ ಎಂಜಿನ್‌ನಲ್ಲಿ ನಾಕ್ಸ್ ಹೇಗೂ ಹತೋಟಿಯಲ್ಲಿದೆ ಎಂಬ ಧೈರ್ಯದಿಂದ, ಇಂಧನ ಉಳಿಸಲು ಟೈಮಿಂಗ್ ಮುಂದೆ ತರಲು ಅವಕಾಶವಿರುತ್ತದೆ. ಆ ಲೆಕ್ಕ ಹಾಗೇ ಬಿಟ್ಟು ವಾಲ್ವ್ ಮಾತ್ರ ಮುಚ್ಚಿದರೆ ಅಜ್ಜನ ಕಾಲದ ಗಾಡಿಗಿಂತ ಹೆಚ್ಚು ನಾಕ್ಸ್ ಬರಬಹುದು. ಐಡ್ಲಿಂಗ್‌ನಲ್ಲಿ ಎಂಜಿನ್ ಮೊದಲಿಗಿಂತ ಗಟ್ಟಿಯಾಗಿ ಕಟಕಟ ಅನ್ನುವುದು ಇದರ ಒಂದು ಗುರುತು.

ಕಟ್ಟಿಕೊಳ್ಳುವುದು ಹೇಗೆ

ಬರೀ ಮಸಿಯಾಗಿದ್ದರೆ ಗಾಳಿಯ ರಭಸಕ್ಕೆ ಅರ್ಧಕ್ಕರ್ಧ ಹಾರಿಹೋಗುತ್ತಿತ್ತು. ಅದನ್ನು ಹಿಡಿದು ಕೂರಿಸುವುದು ಎಣ್ಣೆಯ ಆವಿ. ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದ ಅನಿಲ ಎಂಜಿನ್ ಆಯಿಲಿನ ಹನಿಗಳನ್ನು ಹೊತ್ತುಕೊಂಡು ಬ್ರೀದರ್ ಪೈಪಿನ ಮೂಲಕ ಇನ್‌ಟೇಕಿಗೆ ಬರುತ್ತದೆ. ಟರ್ಬೊ ಸೀಲು ಸವೆದಿದ್ದರೆ ಅಲ್ಲಿಂದಲೂ ಎಣ್ಣೆ ಸೇರುತ್ತದೆ. ಇಜಿಆರ್ ಕಡೆಯಿಂದ ಬಂದ ಮಸಿ ಇದರ ಜೊತೆ ಕಲೆತು ಬಂಡಿ ಗಾಲಿಯ ಕೀಲೆಣ್ಣೆಯಂಥ ಕಪ್ಪು ಜಿಗುಟಾಗುತ್ತದೆ, ಆಮೇಲೆ ಒಣಗಿ ಗಟ್ಟಿಯಾಗುತ್ತದೆ. 40 ಮಿ.ಮೀ. ಒಳ ಅಳತೆಯ ದಾರಿಯಲ್ಲಿ ಸುತ್ತಲೂ 5 ಮಿ.ಮೀ. ದಪ್ಪ ಕೂತರೆ ಉಳಿಯುವುದು 30 ಮಿ.ಮೀ. ನೋಡಲು ಸ್ವಲ್ಪವೇ ಅನ್ನಿಸುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ ಶೇ 44ರಷ್ಟು ದಾರಿ ಬಂದಾಗಿರುತ್ತದೆ. ಹೀಗಾದ ಮ್ಯಾನಿಫೋಲ್ಡ್ ಇಟ್ಟುಕೊಂಡು ವಾಲ್ವಿಗೆ ಮಾತ್ರ ತಗಡು ಹಾಕಿದರೆ ಗಾಳಿಯ ಕೊರತೆ ಹಾಗೇ ಉಳಿಯುತ್ತದೆ.

ನಮ್ಮ ಭಾಗದ ಗಾಡಿಗಳಲ್ಲಿ ಇದಕ್ಕೆ ಒಂದು ಹಳೆಯ ಕಾರಣವೂ ಉಂಟು. 2010ರಲ್ಲಿ ಬೆಂಗಳೂರು ಸೇರಿ ದೇಶದ 13 ದೊಡ್ಡ ನಗರಗಳಿಗೆ ಬಿಎಸ್-4 (ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನದಂಡದ ನಾಲ್ಕನೇ ಹಂತ) ಬಂದಾಗ ಉಳಿದ ಊರುಗಳಿಗೆ ಬಂದದ್ದು ಬಿಎಸ್-3. ಅಲ್ಲಿ ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಮಿತಿಯ ಡೀಸೆಲ್ ತುಂಬುತ್ತಿದ್ದಾಗ ಇಲ್ಲಿ 350 ಪಿಪಿಎಂ ಮಿತಿಯದು. ದೇಶದೆಲ್ಲೆಡೆ ಬಿಎಸ್-4 ಆದದ್ದು 2017ರ ಏಪ್ರಿಲ್ 1ಕ್ಕೆ, 10 ಪಿಪಿಎಂ ಡೀಸೆಲಿನ ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಗಂಧಕ ಹೆಚ್ಚಿದ್ದಷ್ಟೂ ಹೊಗೆಯಲ್ಲಿ ಆಮ್ಲ ಹೆಚ್ಚು, ಮಸಿಯೂ ಹೆಚ್ಚು. ಕೆಎ-25, ಕೆಎ-26, ಕೆಎ-27 ನಂಬರಿನ, 2010ರ ಆಸುಪಾಸಿನ ಗಾಡಿಗಳು ಮೊದಲ ಕೆಲವು ವರ್ಷ ತಿಂದದ್ದು ಆ ಡೀಸೆಲ್.

ಎರಡನೆಯ ಕಾರಣ ಈಗಲೂ ನಡೆಯುತ್ತಿದೆ, ಅದೂ ಗ್ಯಾರೇಜಿನಲ್ಲೇ: ಥರ್ಮೋಸ್ಟಾಟ್ ತೆಗೆದು ಬಿಸಾಕುವುದು. ‘ನಮ್ಮ ಬಿಸಿಲಿಗೆ ಅದು ಬ್ಯಾಡ್ರೀ’ ಎಂಬ ಮಾತು ಕೇಳದ ಗಾಡಿ ಮಾಲೀಕ ಸಿಗಲಿಕ್ಕಿಲ್ಲ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಬೇಕಾದ ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಸದಾ ರೇಡಿಯೇಟರಿಗೆ ಸುತ್ತುತ್ತ, ಎಂಜಿನ್ ಬೆಳಗಿನ ಹೊತ್ತು ಎಷ್ಟು ದೂರ ಹೋದರೂ ಪೂರ್ತಿ ಕಾಯುವುದೇ ಇಲ್ಲ. ತಣ್ಣಗಿನ ಎಂಜಿನ್ ಅಂದರೆ ಅರೆಬೆಂದ ಡೀಸೆಲ್, ಒದ್ದೆ ಮಸಿ. ಇಜಿಆರ್ ಕೂಲರ್ (ಮರಳುವ ಹೊಗೆಯನ್ನು ತಣಿಸುವ ಭಾಗ) ಇರುವ ಗಾಡಿಯಲ್ಲಿ ಆ ಒದ್ದೆ ಮಸಿ ಕೂಲರಿನ ಸಣ್ಣ ನಳಿಗೆಗಳಲ್ಲೇ ಅಂಟಿಕೊಳ್ಳುತ್ತದೆ. ಒಂದು ಭಾಗ ತೆಗೆದದ್ದಕ್ಕೆ ಇನ್ನೊಂದು ಕೆಡುತ್ತದೆ, ಕೆಟ್ಟದ್ದಕ್ಕೆ ಅದನ್ನೂ ತೆಗೆಯುತ್ತಾರೆ.

ಉಳಿದವು ಗೊತ್ತಿದ್ದವೇ. ಬ್ಯಾಡಗಿ ಮಾರುಕಟ್ಟೆಯ ಸಾಲಿನಲ್ಲಿ ಎಂಜಿನ್ ಬಂದ್ ಮಾಡದೆ ಗಂಟೆಗಟ್ಟಲೆ ನಿಲ್ಲುವುದು, ಧೂಳು ತುಂಬಿದ ಏರ್ ಫಿಲ್ಟರ್, ಹನಿ ಬಿಡುವ ಇಂಜೆಕ್ಟರ್. ವ್ಯಾಕ್ಯೂಮ್‌ನಿಂದ ನಡೆಯುವ ವಾಲ್ವುಗಳಲ್ಲಿ ಎಂಜಿನ್ ಕಾವಿಗೆ ಒಣಗಿ ಬಿರುಕು ಬಿಟ್ಟ ರಬ್ಬರ್ ನಳಿಕೆಯೂ ದೊಡ್ಡ ತಪ್ಪಿತಸ್ಥ. ವಾಲ್ವ್ ಸರಿ ಇದ್ದರೂ ಎಳೆತ ಸಿಗದೆ ಅದು ಅಲುಗಾಡುವುದಿಲ್ಲ.

ತಗಡು ಹಾಕಿದ ಮೇಲೆ ಏನಾಗುತ್ತದೆ

ಗಾಡಿಯ ತಲೆಮಾರಿನ ಮೇಲೆ ಇದು ಬೇರೆಬೇರೆ. ಹಳೆಯ ವ್ಯಾಕ್ಯೂಮ್ ವಾಲ್ವುಗಳಲ್ಲಿ ಎಷ್ಟೋ ಕಡೆ ವಾಲ್ವ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಇರುವುದಿಲ್ಲ. ಇಸಿಯುಗೆ ಸುಳಿವೇ ಸಿಗದಿರಬಹುದು. ಇಸಿಯು ಹತೋಟಿಯಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಗಾಡಿಗಳಲ್ಲಿ ಹಾಗಲ್ಲ. ಏರ್ ಫಿಲ್ಟರಿನ ಪಕ್ಕದ ಮ್ಯಾಫ್ ಸೆನ್ಸರ್ ಒಳಬರುವ ಹೊಸ ಗಾಳಿಯನ್ನು ತೂಗುತ್ತಲೇ ಇರುತ್ತದೆ. ಇಜಿಆರ್ ತೆರೆದರೆ ಸಿಲಿಂಡರಿನಲ್ಲಿ ಹೊಗೆ ಜಾಗ ಹಿಡಿಯುವುದರಿಂದ ಹೊಸ ಗಾಳಿ ಕಡಿಮೆಯಾಗಬೇಕು. 1248 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ: ಒಂದು ಸಿಲಿಂಡರಿಗೆ 312 ಸಿಸಿ. ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ, 30 ಡಿಗ್ರಿ ಬಿಸಿಲಲ್ಲಿ ಒಂದು ಲೀಟರ್ ಗಾಳಿ ಸುಮಾರು 1.07 ಗ್ರಾಂ ತೂಗುತ್ತದೆ. ತುಂಬುವಿಕೆಯ ನಷ್ಟ ಕಳೆದರೆ ಐಡ್ಲಿಂಗ್‌ನಲ್ಲಿ ಒಂದು ಹೊಡೆತಕ್ಕೆ 290-300 ಮಿಲಿಗ್ರಾಂ ಗಾಳಿ. ಇಜಿಆರ್ ತೆರೆದಾಗ ಇದು 200ರ ಆಸುಪಾಸಿಗೆ ಇಳಿಯಬೇಕು. ತಗಡು ಇದ್ದರೆ ಇಳಿಯುವುದಿಲ್ಲ. ಇಸಿಯು ವಾಲ್ವನ್ನು ಇನ್ನಷ್ಟು ತೆರೆಯಲು ಹೇಳುತ್ತದೆ, ಆಗಲೂ ಇಳಿಯದಿದ್ದರೆ ಪಿ0401 ಎಂಬ ದೋಷದ ಕೋಡ್ ಬರೆದು ಚೆಕ್ ಲೈಟ್ ಹಚ್ಚುತ್ತದೆ. ಕೆಲವು ಗಾಡಿಗಳು ಲಿಂಪ್ ಮೋಡಿಗೆ ಹೋಗಿ ಅರ್ಧ ಶಕ್ತಿಯಲ್ಲಿ ಓಡುತ್ತವೆ. ಪಿಕಪ್ ಬೇಕೆಂದು ಮಾಡಿಸಿದ ಕೆಲಸ ಇದ್ದ ಪಿಕಪ್ಪನ್ನೂ ಕಳೆಯುತ್ತದೆ.

ಇದನ್ನು ತಪ್ಪಿಸಲು ತಗಡಿನ ನಡುವೆ ತೂತು ಕೊರೆಯುವುದು ಒಂದು ಉಪಾಯ, ಲ್ಯಾಪ್‌ಟಾಪ್ ಹಚ್ಚಿ ರಿಮ್ಯಾಪ್ ಮಾಡುವುದು, ಅಂದರೆ ಇಸಿಯುವಿನ ಸಾಫ್ಟ್‌ವೇರ್ ಬದಲಿಸುವುದು, ಇನ್ನೊಂದು. ರಿಮ್ಯಾಪಿನಲ್ಲಿ ಇಜಿಆರ್ ಕೋಡುಗಳನ್ನೇ ಅಳಿಸಿಹಾಕುತ್ತಾರೆ. ಒಳ್ಳೆಯ ಕೈಯಲ್ಲಿ ಅಷ್ಟಕ್ಕೇ ನಿಲ್ಲಬಹುದು. ಅರೆಬರೆ ಕೈಯಲ್ಲಿ ಬೇರೆ ಗಾಡಿಯ ಫೈಲ್ ಕೂರುತ್ತದೆ, ಗಾಳಿ ಮತ್ತು ಟರ್ಬೊಗೆ ಸಂಬಂಧಿಸಿದ ಬೇರೆ ಕೋಡುಗಳೂ ಬಾಯಿ ಮುಚ್ಚುತ್ತವೆ. ನಾಳೆ ಟರ್ಬೊ ನಳಿಕೆ ಸೋರಿದರೂ ದೀಪ ಹತ್ತುವುದಿಲ್ಲ. ಬರೆಯುವ ನಡುವೆ ಬ್ಯಾಟರಿ ವೋಲ್ಟೇಜ್ ಕುಸಿದರೆ ಇಸಿಯುವೇ ಹೋಗಬಹುದು. ಮೂಲ ಫೈಲ್ ಉಳಿಸಿ ಕೊಡುವವರು ಕಡಿಮೆ.

ತಗಡಿನ ಲೋಹದ ಆಯ್ಕೆಯಲ್ಲೂ ಎಡವುತ್ತಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಭಾರ ಹೇರಿ ಎಳೆಯುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಅನಿಲ ಅಷ್ಟು ಬಿಸಿಯಾಗಬಲ್ಲದು. ಹೋಟೆಲಿನ ಡಬ್ಬದ ತಗಡು ಕತ್ತರಿಸಿ ಹಾಕಿದವರೂ ಇದ್ದಾರೆ. ಅದು ಬಾಗುತ್ತದೆ, ಜಾಯಿಂಟ್ ಸೋರುತ್ತದೆ, ಹೊಗೆ ಬಾನೆಟ್ ಕೆಳಗೆ ಹರಡಿ ಎಸಿಯ ಗಾಳಿ ದಾರಿಯಿಂದ ಒಳಗೆ ಕೂತವರ ಮೂಗಿಗೆ ಬರುತ್ತದೆ. ಬಾನೆಟ್ ಎತ್ತಿದಾಗ ವಾಲ್ವಿನ ಸುತ್ತ ಕಪ್ಪು ಪುಡಿ ಸಿಡಿದಂತೆ ಕಂಡರೆ ಅದು ಸೋರಿಕೆ.

ಎಮಿಷನ್ ಯಂತ್ರದ ಕುರುಡು

ಡೀಸೆಲ್ ಗಾಡಿಯ ಎಮಿಷನ್ ಟೆಸ್ಟ್ ಅಂದರೆ ಏನು? ಎಂಜಿನ್ ಕಾಯಿಸಿ, ನಿಂತಲ್ಲೇ ಆಕ್ಸಲರೇಟರ್ ಪೂರ್ತಿ ಒತ್ತಿ ಬಿಡುವುದು, ಸೈಲೆನ್ಸರಿಗೆ ಹಾಕಿದ ನಳಿಕೆಯಿಂದ ಬಂದ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದು. ಬಿಎಸ್-4ಕ್ಕಿಂತ ಹಿಂದಿನ ಗಾಡಿಗೆ ಮಿತಿ ಪ್ರತಿ ಮೀಟರಿಗೆ 2.45, ಅಂದರೆ ಹಾರ್ಟ್ರಿಜ್ ಅಳತೆಯಲ್ಲಿ 65. ಬಿಎಸ್-4 ಗಾಡಿಗೆ 1.62, ಹಾರ್ಟ್ರಿಜ್ 50. ಈ ಪರೀಕ್ಷೆ ನೋಡುವುದು ಮಸಿಯನ್ನು ಮಾತ್ರ. ನಾಕ್ಸ್ ಅಳೆಯುವ ಏರ್ಪಾಡೇ ಅದರಲ್ಲಿಲ್ಲ.

ಗಾಡಿ ತಯಾರಾಗುವಾಗ ಮಾತ್ರ ನಾಕ್ಸಿಗೆ ಮಿತಿ ಇದೆ. ಡೀಸೆಲ್ ಕಾರಿಗೆ ಬಿಎಸ್-3ರಲ್ಲಿ ಕಿಲೋಮೀಟರಿಗೆ 0.50 ಗ್ರಾಂ, ಬಿಎಸ್-4ರಲ್ಲಿ 0.25, ಬಿಎಸ್-6ರಲ್ಲಿ 0.08. ರಸ್ತೆಗಿಳಿದ ಮೇಲೆ ಆ ಅಂಕಿ ಉಳಿದಿದೆಯೋ ಇಲ್ಲವೋ ಎಂದು ಊರಿನ ಎಮಿಷನ್ ಕೇಂದ್ರ ಹೇಳಲಾರದು. ಹಾಗಾಗಿ ಇಜಿಆರ್ ಬಂದ್ ಮಾಡಿದ ಗಾಡಿ ನಾಕ್ಸ್ ದುಪ್ಪಟ್ಟು ಬಿಟ್ಟರೂ ಹೊಗೆ ಮೀಟರಿನಲ್ಲಿ ಮೊದಲಿಗಿಂತ ಒಳ್ಳೆಯ ಅಂಕ ತೆಗೆದುಕೊಂಡು ಹೊರಬರುತ್ತದೆ. ಎಫ್‌ಸಿಗೆ (ಅರ್ಹತಾ ಪತ್ರದ ತಪಾಸಣೆಗೆ) ಹೋಗುವ ಹಳದಿ ಬೋರ್ಡಿನ ಗಾಡಿಗಳು, ಅಂದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಹೋಗುವವು, ಹೊಗೆಯ ಮಟ್ಟಿಗೆ ಇದೇ ಜರಡಿಯಲ್ಲಿ ಸೋಸಿಹೋಗುತ್ತವೆ. ಎಫ್‌ಸಿ ಹತ್ತಿರ ಬಂದಾಗಲೇ ‘ಇಜಿಆರ್ ಬಂದ್’ ಕೆಲಸ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ವ್ಯವಸ್ಥೆಯೇ ಅದಕ್ಕೆ ಬಹುಮಾನ ಕೊಡುತ್ತಿದೆ.

ಗಮನಿಸಬೇಕಾದ್ದು ಇನ್ನೊಂದಿದೆ. ಆ ಪರೀಕ್ಷೆಯಲ್ಲಿ ಪೆಡಲ್ ಪೂರ್ತಿ ಒತ್ತುತ್ತಾರಲ್ಲ, ಆಗ ಸರಿಯಾಗಿರುವ ಇಜಿಆರ್ ತಾನೇ ಮುಚ್ಚಿಕೊಳ್ಳುತ್ತದೆ. ಫೇಲ್ ಆಗುವುದು ತೆರೆದು ಸಿಕ್ಕಿಕೊಂಡ ವಾಲ್ವಿನ ಗಾಡಿ. ಸ್ವಚ್ಛ ಮಾಡಿದ ವಾಲ್ವಿನಿಂದಲೂ ಪಾಸಾಗಬಹುದಾದ ಪರೀಕ್ಷೆಗೆ ತಗಡಿನ ಅವಶ್ಯಕತೆ ಇಲ್ಲ.

ನಾಕ್ಸ್ ಕಣ್ಣಿಗೆ ಕಾಣುವುದಿಲ್ಲ, ಅದೇ ಅದರ ಅನುಕೂಲ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ, ಅಸ್ತಮಾ ಇದ್ದವರಿಗೆ ಬೇಗ ತಟ್ಟುತ್ತದೆ. ಬಿಸಿಲಿನಲ್ಲಿ ಓಜೋನ್ ಆಗಿ ಮಾರ್ಪಡುವ ಸರಪಳಿಗೂ ಇದೇ ಮೂಲ, ಗಾಳಿಯಲ್ಲಿ ನೈಟ್ರೇಟ್ ಆಗಿ ಸೂಕ್ಷ್ಮ ಕಣವಾಗುವುದೂ ಇದೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತೆ ಹುಬ್ಬಳ್ಳಿ-ಧಾರವಾಡವೂ ಇದೆ. ಅಲ್ಲಿ ಚರ್ಚೆ ನಡೆಯುವುದು ಹೆಚ್ಚಾಗಿ ಧೂಳಿನ ಬಗ್ಗೆ, ಪಿಎಂ 10 ಎಂಬ ಸಣ್ಣ ಕಣಗಳ ಬಗ್ಗೆ. ನಮ್ಮ ರಸ್ತೆಗಳ ಧೂಳು ನೋಡಿದರೆ ಅದು ಸರಿಯೇ. ಆದರೆ ನೈಟ್ರೋಜನ್ ಡೈಆಕ್ಸೈಡಿಗೂ ದೇಶದಲ್ಲಿ ಮಿತಿ ಇದೆ: ಘನ ಮೀಟರಿಗೆ ವರ್ಷದ ಸರಾಸರಿ 40 ಮೈಕ್ರೋಗ್ರಾಂ, ದಿನದ ಸರಾಸರಿ 80. ಎಫ್‌ಸಿ ಹೊತ್ತಿನಲ್ಲಿ ಸ್ಕ್ಯಾನರ್ ಹಚ್ಚಿ ಇಜಿಆರ್ ಕೆಲಸ ಮಾಡುತ್ತಿದೆಯೇ ಎಂದು ಎರಡು ನಿಮಿಷ ನೋಡುವ ನಿಯಮ ಬಂದರೆ ಕಾಮನ್ ರೈಲ್ ಗಾಡಿಗಳ ಮಟ್ಟಿಗೆ ಈ ಕಳ್ಳದಾರಿ ಬಹುಪಾಲು ಮುಚ್ಚುತ್ತದೆ. ಅದಕ್ಕೆ ದೊಡ್ಡ ಯಂತ್ರ ಬೇಡ.

ಕಾನೂನಂತೂ ಈಗಲೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ(4) ಪ್ರಕಾರ ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ 190(2)ರಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ರಸ್ತೆಯಲ್ಲಿ ಬಾನೆಟ್ ಎತ್ತಿ ನೋಡುವವರಿಲ್ಲ ಎಂಬುದೊಂದೇ ಈಗಿನ ರಕ್ಷಣೆ.

ಸ್ವಚ್ಛ ಮಾಡುವ ಕ್ರಮ

ಮೊದಲು ಸ್ಕ್ಯಾನರ್ ಹಚ್ಚಿ. ಪಿ0401 ಅಂದರೆ ಹೊಗೆ ಸಾಲದಷ್ಟು ಬರುತ್ತಿದೆ, ದಾರಿ ಕಟ್ಟಿದೆ. ಪಿ0402 ಅಂದರೆ ಹೆಚ್ಚಾಗಿ ಬರುತ್ತಿದೆ, ವಾಲ್ವ್ ತೆರೆದು ಸಿಕ್ಕಿಕೊಂಡಿರಬಹುದು. ಪಿ0403 ವಯರಿಂಗಿನದು, ಅಲ್ಲಿ ಮಸಿ ಕೆರೆದು ಪ್ರಯೋಜನವಿಲ್ಲ, ಕನೆಕ್ಟರ್ ಮತ್ತು ಕಾಯಿಲ್ ನೋಡಿ. ಕೋಡಿಲ್ಲದ ಹಳೆಯ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ನಳಿಕೆ ಕಿತ್ತು ಬಾಯಿ ಮುಚ್ಚಿ ಹಿಡಿಯಿರಿ. ಹೊಗೆ, ನಡುಕ ಕೂಡಲೇ ನಿಂತರೆ ವಾಲ್ವ್ ಅಗತ್ಯಕ್ಕಿಂತ ಹೆಚ್ಚು ತೆರೆಯುತ್ತಿತ್ತು. ಏನೂ ಬದಲಾಗದಿದ್ದರೆ ಅದು ಸಿಕ್ಕಿಕೊಂಡಿದೆ, ಇಲ್ಲವೇ ತಪ್ಪು ಬೇರೆಲ್ಲೋ ಇದೆ. ಏರ್ ಫಿಲ್ಟರ್, ಇಂಟರ್‌ಕೂಲರ್ ನಳಿಕೆ, ಇಂಜೆಕ್ಟರ್ ನೋಡದೆ ಇಜಿಆರ್ ಮೇಲೆ ಆರೋಪ ಹೊರಿಸಬಾರದು.

ಕೆಲಸ ತಣ್ಣಗಿನ ಎಂಜಿನ್ ಮೇಲೆ, ಬ್ಯಾಟರಿಯ ಮೈನಸ್ ತೆಗೆದು. ಎಕ್ಸಾಸ್ಟ್ ಕಡೆಯ ಬೋಲ್ಟುಗಳು ಕಾವಿಗೆ ಹಿಡಿದಿರುತ್ತವೆ, ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. 10, 12, 13ರ ಪಾನಾ ಸಾಕಾಗುತ್ತದೆ; ಕೆಲವು ಎಂಜಿನ್‌ಗಳಿಗೆ ಸ್ಟಾರ್ ಬಿಟ್ಟು ಬೇಕು. ಬೋಲ್ಟು ಬಿಡದಿದ್ದರೆ ಉದ್ದ ಪೈಪ್ ಹಾಕಿ ಎಳೆಯಬೇಡಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಹಿಂದೆಮುಂದೆ ಆಡಿಸಿದರೆ ಸ್ಟಡ್ ಮುರಿಯುವುದು ತಪ್ಪುತ್ತದೆ. ಮುರಿದ ಸ್ಟಡ್ ಕೊರೆದು ತೆಗೆಯಲು ಒಂದು ದಿನ ಹೋಗುತ್ತದೆ. ವಾಲ್ವಿಗೆ ಕೂಲಂಟ್ ನಳಿಕೆ ಇದ್ದರೆ ನೀರು ಇಳಿಸಿ. ವಾಲ್ವ್ ಹೊರಬಂದ ಕೂಡಲೇ ಮ್ಯಾನಿಫೋಲ್ಡಿನ ಬಾಯಿಗೆ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಂದು ಲೆಕ್ಕ ಇಡಿ. ಗಟ್ಟಿ ಮಸಿಯ ಒಂದು ಹರಳು ಒಳಗೆ ಬಿದ್ದು ಎಂಜಿನ್ ವಾಲ್ವಿನ ಸೀಟಿನಲ್ಲಿ ಕೂತರೆ ಕಂಪ್ರೆಷನ್ ಹೋಗುತ್ತದೆ.

ಪೂರ್ತಿ ಲೋಹದ ಭಾಗವನ್ನು ಡೀಸೆಲಿನಲ್ಲೋ ಸಿಕ್ಕರೆ ಚಿಮಣಿ ಎಣ್ಣೆಯಲ್ಲೋ ರಾತ್ರಿಯಿಡೀ ನೆನೆಹಾಕಿದರೆ ಜಿಗುಟು ಸಡಿಲವಾಗುತ್ತದೆ. ಉಳಿದದ್ದಕ್ಕೆ ಕಾರ್ಬ್ಯುರೇಟರ್ ಕ್ಲೀನರ್, ಹಳೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ. ವಾಲ್ವ್ ಕೂರುವ ಅಂಚಿಗೆ ಸ್ಕ್ರೂಡ್ರೈವರ್ ತಾಗಿಸಬೇಡಿ, ಗೀರು ಬಿದ್ದರೆ ಅದು ಸದಾ ಸೋರುತ್ತದೆ. ಮೋಟಾರ್ ಇರುವ ಎಲೆಕ್ಟ್ರಿಕ್ ವಾಲ್ವನ್ನು ಮುಳುಗಿಸಬಾರದು. ವಾಲ್ವಿನ ತುದಿ ಕೆಳಮುಖ ಮಾಡಿ ಅಷ್ಟನ್ನೇ ಅದ್ದಿ. ವ್ಯಾಕ್ಯೂಮ್ ವಾಲ್ವಿನ ಡಯಾಫ್ರಾಮಿಗೂ ಕ್ಲೀನರ್ ತಾಕಬಾರದು.

ಎರಡು ಅಪಾಯಗಳನ್ನು ಹೇಳಲೇಬೇಕು. ಒಂದು ಕಾಸ್ಟಿಕ್ ಸೋಡಾ. ಕಬ್ಬಿಣದ ಭಾಗಗಳ ಮಸಿ ತೆಗೆಯಲು ಬಿಸಿ ನೀರಿಗೆ ಅದನ್ನು ಹಾಕುವ ರೂಢಿ ಇದೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡನ್ನು ಅದೇ ತೊಟ್ಟಿಗೆ ಇಳಿಸಿದರೆ ಲೋಹವೇ ಕರಗುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಹೊರಡುತ್ತದೆ. ಇನ್ನೊಂದು, ಬಿಚ್ಚುವ ಕೆಲಸ ಬೇಡವೆಂದು ಓಡುತ್ತಿರುವ ಎಂಜಿನ್‌ನ ಇನ್‌ಟೇಕಿಗೆ ಕ್ಲೀನರ್ ಸ್ಪ್ರೇ ಮಾಡುವುದು. ಡೀಸೆಲ್ ಎಂಜಿನ್ ಒಳಬಂದ ಯಾವ ಇಂಧನವನ್ನಾದರೂ ಉರಿಸುತ್ತದೆ. ಸ್ಪ್ರೇಯೂ ಇಂಧನವೇ, ಅದರಿಂದ ಕರಗಿ ಬಂದ ಎಣ್ಣೆಯೂ ಇಂಧನವೇ. ಎಂಜಿನ್ ತಾನಾಗಿ ಆರ್‌ಪಿಎಂ ಏರಿಸಿಕೊಂಡು ಹೋದರೆ ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿಯನ್ನು ಹಲಗೆಯಿಂದ ಅಮುಕಿ ಮುಚ್ಚುವುದೇ ಮುಖ್ಯ ದಾರಿ. ಕೈ ಇಟ್ಟರೆ ಕೈ ಹೋಗುತ್ತದೆ.

ವಾಪಸ್ ಕೂರಿಸುವ ಮುನ್ನ ಪರೀಕ್ಷೆ. ವ್ಯಾಕ್ಯೂಮ್ ವಾಲ್ವಿಗೆ ಕೈಪಂಪಿನಿಂದ ಅರ್ಧ ಬಾರ್ ಎಳೆತ ಕೊಡಿ. ಕಡ್ಡಿ ಏಳಬೇಕು, ಅರ್ಧ ನಿಮಿಷವಾದರೂ ಎಳೆತ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ, ಎಷ್ಟು ತಿಕ್ಕಿದರೂ ವ್ಯರ್ಥ. ಮುಚ್ಚಿದ ವಾಲ್ವಿನ ಮೇಲೆ ಸ್ವಲ್ಪ ಡೀಸೆಲ್ ಸುರಿದು ಎರಡು ನಿಮಿಷ ನೋಡಿ. ಒಂದೆರಡು ಹನಿ ನಡೆಯುತ್ತದೆ, ಧಾರೆ ಇಳಿದರೆ ಹೊಸದು ಬೇಕು. ಗ್ಯಾಸ್ಕೆಟ್ ಹೊಸದೇ ಹಾಕಿ, ಹಳೆಯದಕ್ಕೆ ಶಿಲ್ಲಾಕ್ ಹಚ್ಚಿ ಕೂರಿಸಿದರೆ ಆ ಕಾವಿಗೆ ಅದು ಸುಟ್ಟುಹೋಗುತ್ತದೆ. ಕಂಪನಿಯ ಅಳತೆ ಸಿಗದಿದ್ದರೆ ಎಂ8 ಬೋಲ್ಟಿಗೆ 20-25 ನ್ಯೂಟನ್ ಮೀಟರ್, ಎಂ6ಕ್ಕೆ 8-10 ಮೀರದಂತೆ ಬಿಗಿಯಿರಿ. ಎಲೆಕ್ಟ್ರಿಕ್ ವಾಲ್ವಾದರೆ ಸ್ಕ್ಯಾನರಿನಲ್ಲಿ ಅಡಾಪ್ಟೇಷನ್ ಮಾಡಿಸಬೇಕು. ಮಾಡದಿದ್ದರೆ ಇಸಿಯು ಹಳೆಯ ಮಸಿಯ ದಪ್ಪವನ್ನೇ ‘ಮುಚ್ಚಿದ ಜಾಗ’ ಅಂದುಕೊಂಡಿರುತ್ತದೆ, ಸ್ವಚ್ಛ ಮಾಡಿದ ಮೇಲೂ ಐಡ್ಲಿಂಗ್ ನಡುಗುತ್ತದೆ. ‘ತೊಳದ್ರೂ ಉಪಯೋಗ ಆಗಲಿಲ್ರೀ’ ಎಂಬ ಎಷ್ಟೋ ದೂರುಗಳ ಹಿಂದೆ ಇರುವುದು ಈ ಬಿಟ್ಟುಹೋದ ಹೆಜ್ಜೆ.

ಇಷ್ಟಾದ ಮೇಲೆ ಮಸಿ ಹುಟ್ಟಿದ ಕಾರಣ ಹುಡುಕದಿದ್ದರೆ ವರ್ಷದೊಳಗೆ ಮತ್ತೆ ಅದೇ ಸ್ಥಿತಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾಕಿಸಿ. ಆಯಿಲ್ ಮುಚ್ಚಳ ತೆಗೆದು ಐಡ್ಲಿಂಗ್‌ನಲ್ಲಿ ನೋಡಿ, ಬುಸುಬುಸು ಹೊಗೆ ಏಳುತ್ತಿದ್ದರೆ ರಿಂಗು ಸವೆದಿದೆ. ಆ ಎಂಜಿನ್‌ಗೆ ಇಜಿಆರ್ ದೊಡ್ಡ ಸಮಸ್ಯೆಯೇ ಅಲ್ಲ. ಇವೆಲ್ಲ ಸರಿ ಇದ್ದರೆ 40-50 ಸಾವಿರ ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡಿದರೆ ಸಾಕು.

ಕೂಲರ್ ಸೋರಿಕೆ ಮಾತ್ರ ಬೇರೆ ಪ್ರಕರಣ. ಹೊರಗೆ ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಎಂದು ಹೆಡ್ ಎತ್ತುವ ಮೊದಲು ಇಜಿಆರ್ ಕೂಲರ್ ಬಿಚ್ಚಿ. ನೀರಿನ ದಾರಿಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಒಂದೂವರೆ ಬಾರ್ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಸುಳ್ಳು ಹೇಳುವುದಿಲ್ಲ. ಸೋರುವ ಕೂಲರ್ ಇಟ್ಟುಕೊಂಡು ಓಡಿಸಿದರೆ ರಾತ್ರಿಯಲ್ಲಿ ಸಿಲಿಂಡರಿಗೆ ನೀರಿಳಿದು ಬೆಳಿಗ್ಗೆ ಸ್ಟಾರ್ಟರ್ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಡಿಭಾಗ ಬರುವ ತನಕ ಎರಡು ಮೂರು ದಿನ ಕೂಲರನ್ನು ಬೈಪಾಸ್ ಮಾಡುವುದು ಅರ್ಥವಾಗುವಂಥದ್ದು. ಅದನ್ನೇ ಕಾಯಂ ಮಾಡಿಬಿಡುವುದು ಬೇರೆ ಮಾತು.

ಬಿಎಸ್-6 ಗಾಡಿಗಳ ಹತ್ತಿರ ಈ ತಗಡಿನ ಯೋಚನೆಯೇ ಬೇಡ. ಅಲ್ಲಿ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್), ಎಷ್ಟೋ ಗಾಡಿಗಳಲ್ಲಿ ನಾಕ್ಸ್ ಇಳಿಸುವ ಯೂರಿಯಾ ವ್ಯವಸ್ಥೆ, ನಾಕ್ಸ್ ಸೆನ್ಸರ್ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಮುಚ್ಚಿದರೆ ಉಳಿದವು ಸುಮ್ಮನಿರುವುದಿಲ್ಲ.

ಹಳೆಯ ಡೀಸೆಲ್ ಗಾಡಿ ಕೊಳ್ಳಲು ಹೊರಟವರು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ವಾಲ್ವಿಗೂ ಪೈಪಿಗೂ ನಡುವಿನ ಜಾಯಿಂಟನ್ನು ಟಾರ್ಚ್ ಹಾಕಿ ನೋಡಿ. ಗ್ಯಾಸ್ಕೆಟಿನ ತೆಳು ಅಂಚಿನ ಜಾಗದಲ್ಲಿ ಎರಡು ಮೂರು ಮಿ.ಮೀ. ದಪ್ಪದ ಲೋಹ ಇಣುಕುತ್ತಿದ್ದರೆ ಅದು ತಗಡು. ಸ್ಕ್ಯಾನರ್ ಇದ್ದರೆ ಎಂಜಿನ್ ಕಾಯಿಸಿ, ಐಡ್ಲಿಂಗ್‌ನಲ್ಲಿ ಇಜಿಆರ್ ಪೂರ್ತಿ ತೆರೆಯಲು ಆಜ್ಞೆ ಕೊಡಿ. ಎಂಜಿನ್ ಎಡವಬೇಕು, ಮ್ಯಾಫ್ ಅಂಕಿ ಇಳಿಯಬೇಕು. ಎರಡೂ ಆಗದೆ, ಕೋಡೂ ಇಲ್ಲದೆ, ಚೆಕ್ ಲೈಟೂ ಹತ್ತದಿದ್ದರೆ ರಿಮ್ಯಾಪ್ ಆಗಿರುವ ಸಾಧ್ಯತೆ ಹೆಚ್ಚು. ಕೀಲಿ ಆನ್ ಮಾಡಿದ ಕ್ಷಣ ಚೆಕ್ ಲೈಟ್ ಒಮ್ಮೆ ಹತ್ತಿ ಆರುತ್ತದೆಯೇ ಎಂದೂ ನೋಡಿ. ಬಲ್ಬನ್ನೇ ಕಿತ್ತ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅಂಥ ಗಾಡಿ ಬೇಕೇಬೇಕು ಅನ್ನಿಸಿದರೆ ವಾಲ್ವ್, ಎರಡು ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಸ್ವಚ್ಛತೆ ಮತ್ತು ಇಸಿಯುಗೆ ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿಸುವ ಖರ್ಚನ್ನು ಶೋರೂಮಿನಲ್ಲಿ ಮೊದಲೇ ಕೇಳಿ, ಅಷ್ಟನ್ನು ಬೆಲೆಯಲ್ಲಿ ಮುರಿದು ಮಾತಾಡಿ.